ವ್ಯವಹಾರಕ್ಕೆ ಇಮೇಲ್ ಸೇವೆ ಆರಿಸುವುದು ಹೇಗೆ: ಉತ್ತರ ಕನ್ನಡದ ಉದ್ದಿಮೆಗಳಿಗೆ ಸಮಗ್ರ ಮಾರ್ಗದರ್ಶಿ

ಶಿರಸಿಯ ಅಡಿಕೆ ವಖಾರಿಯಿರಲಿ, ಕಾರವಾರದ ಬಂದರಿನಲ್ಲಿ ಸರಕು ಬಿಡಿಸಿಕೊಡುವ ಏಜೆನ್ಸಿಯಿರಲಿ, ಗೋಕರ್ಣದ ಹೋಮ್‌ಸ್ಟೇ ಇರಲಿ, ದರಪಟ್ಟಿ, ಜಿಎಸ್‌ಟಿ ಬಿಲ್ಲು, ಟೆಂಡರಿನ ಪತ್ರ, ಬ್ಯಾಂಕಿನ ಸೂಚನೆ ಇವೆಲ್ಲ ಇಂದು ಇಮೇಲಿನಲ್ಲೇ ಬಂದುಹೋಗುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಮಾತುಕತೆ ಬೇಗ ಮುಗಿಯುತ್ತದೆ ನಿಜ, ಆದರೆ ಲೆಕ್ಕಪರಿಶೋಧಕರು ಕೇಳಿದಾಗ ಅಥವಾ ತಕರಾರು ಎದ್ದಾಗ ಹುಡುಕಿ ತೆಗೆಯುವುದು ಇಮೇಲನ್ನೇ. ಹಾಗಿದ್ದೂ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಉದ್ದಿಮೆಗಳ ಪತ್ರವ್ಯವಹಾರ ಮಾಲೀಕರ ಖಾಸಗಿ ಖಾತೆಯಲ್ಲೋ, ಎಂದೋ ಕೆಲಸ ಬಿಟ್ಟುಹೋದ ಗುಮಾಸ್ತರು ತೆರೆದುಕೊಟ್ಟ ಖಾತೆಯಲ್ಲೋ ನಡೆದಿದೆ. ಅದನ್ನು ಸರಿಯಾದ ವ್ಯವಸ್ಥೆಗೆ ತರಬೇಕೆನ್ನುವವರಿಗಾಗಿ ಈ ಬರಹ. ಮುಂದಿನ ಎಲ್ಲ ಹಂತಗಳ ಹಿಂದೆ ಇರುವ ವಿಚಾರ ಒಂದೇ: ಸೇವೆ ಕೊಡುವ ಕಂಪನಿಯನ್ನು ನಾಳೆ ಬದಲಿಸಬಹುದು, ಆದರೆ ವಿಳಾಸವೂ ಹಳೆಯ ಪತ್ರಗಳೂ ಕೈತಪ್ಪಿದರೆ ಮರಳಿ ಬರುವುದಿಲ್ಲ. ಆದ್ದರಿಂದ ಅವೆರಡನ್ನು ನಿಮ್ಮ ಹತೋಟಿಯಲ್ಲಿ ಇರಗೊಡುವ ಸೇವೆಯನ್ನೇ ಆರಿಸಬೇಕು.

ಹಂತ 1: ಯಾವ ಬಗೆಯ ಸೇವೆ ಬೇಕೆಂದು ಗುರುತಿಸಿ

ಇಮೇಲ್ ಸೇವೆ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಸರಕು ಮಾರಾಟವಾಗುತ್ತವೆ. ಮೊದಲನೆಯದು ದಿನನಿತ್ಯದ ಪತ್ರವ್ಯವಹಾರಕ್ಕೆ ಮೇಲ್‌ಬಾಕ್ಸ್ ಕೊಡುವ ಸೇವೆ. ಗೂಗಲ್ ವರ್ಕ್‌ಸ್ಪೇಸ್, ಮೈಕ್ರೋಸಾಫ್ಟ್ 365, ಜೋಹೋ ಮೇಲ್, ಪ್ರೋಟಾನ್ ಮೊದಲಾದವು ಈ ಬಗೆಯವು. ಎರಡನೆಯದು ಒಂದೇ ಪತ್ರವನ್ನು ನೂರಾರು, ಸಾವಿರಾರು ಜನರಿಗೆ ಕಳಿಸುವ ಸೇವೆ. ಮೇಲ್‌ಚಿಂಪ್, ಬ್ರೆವೋ, ಅಮೆಜಾನ್ ಎಸ್‌ಇಎಸ್ ಈ ಸಾಲಿನವು. ಹಬ್ಬದ ರಿಯಾಯಿತಿಯನ್ನು ಹಳೆಯ ಅತಿಥಿಗಳಿಗೆಲ್ಲ ತಿಳಿಸುವ ಹೋಮ್‌ಸ್ಟೇಗೆ ಎರಡೂ ಬೇಕಾಗಬಹುದು. ಕುಮಟಾದ ಗೇರುಬೀಜ ಕಾರ್ಖಾನೆಗೆ ಹತ್ತಿಪ್ಪತ್ತು ಖಾಯಂ ಖರೀದಿದಾರರಷ್ಟೇ ಇದ್ದರೆ ಮೊದಲನೆಯದೇ ಸಾಕು. ಸಾಮೂಹಿಕ ಪತ್ರಗಳನ್ನು ಮೊದಲ ಬಗೆಯ ಖಾತೆಯಿಂದಲೇ ಕಳಿಸಲು ಹೊರಟರೆ ಮಿತಿ ಅಡ್ಡ ಬರುತ್ತದೆ: ಸಾಮಾನ್ಯ ಜಿಮೇಲ್ ಖಾತೆಗೆ ದಿನಕ್ಕೆ 500 ಪತ್ರಗಳ ಮಿತಿಯಿದೆ, ಹಣ ಕೊಟ್ಟ ವರ್ಕ್‌ಸ್ಪೇಸ್ ಖಾತೆಗೆ 2,000. ಮಿತಿ ದಾಟಿದರೆ ಕಳಿಸುವ ಸೌಲಭ್ಯವೇ ತಾತ್ಕಾಲಿಕವಾಗಿ ನಿಲ್ಲುವುದರಿಂದ ಆ ದಿನದ ಬಿಲ್ಲು ಕೂಡ ಹೊರಗೆ ಹೋಗುವುದಿಲ್ಲ.

ಹಂತ 2: ಡೊಮೇನ್ ನಿಮ್ಮದೇ ಹೆಸರಿನಲ್ಲಿರಲಿ

ಸೇವೆಯನ್ನು ಹುಡುಕುವ ಮೊದಲು ಡೊಮೇನ್ ಹೆಸರಿನ, ಅಂದರೆ ಇಮೇಲ್ ವಿಳಾಸದಲ್ಲಿ @ ಚಿಹ್ನೆಯ ನಂತರ ಬರುವ ಭಾಗದ, ವಿಷಯ ಮುಗಿಸಿಕೊಳ್ಳಿ. ವಿಳಾಸದ ಕೊನೆಯಲ್ಲಿ ಜಿಮೇಲ್ ಎಂದಿರುವ ಬದಲು ಉದ್ದಿಮೆಯ ಹೆಸರು ಇದ್ದರೆ ದೆಹಲಿಯ ಅಥವಾ ದುಬೈನ ಖರೀದಿದಾರರಿಗೆ ನಂಬಿಕೆ ಬರುತ್ತದೆ ಎಂಬುದು ಒಂದು ಲಾಭ ಮಾತ್ರ. ಅದಕ್ಕಿಂತ ದೊಡ್ಡದು, ಡೊಮೇನ್ ನಿಮ್ಮದಾಗಿದ್ದರೆ ವಿಳಾಸ ಬದಲಾಗದೆಯೇ ಸೇವೆಯನ್ನು ಬದಲಿಸಬಹುದು ಎಂಬುದು. ಭಾರತದ ಡಾಟ್ ಇನ್ ಹೆಸರುಗಳ ನೋಂದಣಿಯನ್ನು ನಿಕ್ಸಿ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಅದರ ಮಾನ್ಯತೆ ಪಡೆದ ಯಾವುದೇ ನೋಂದಣಿದಾರರಿಂದ ಹೆಸರು ಕೊಳ್ಳಬಹುದು.

ಇಲ್ಲಿ ನಾನು ಒತ್ತಿ ಹೇಳಬೇಕಾದ ಮಾತೊಂದಿದೆ. ನಮ್ಮಲ್ಲಿ ವೆಬ್‌ಸೈಟ್ ಮಾಡಿಕೊಡುವವರು ಡೊಮೇನನ್ನೂ ತಾವೇ ಕೊಂಡು, ತಮ್ಮದೇ ಖಾತೆಯಲ್ಲಿಟ್ಟುಕೊಳ್ಳುವುದು ರೂಢಿಯಾಗಿಬಿಟ್ಟಿದೆ. ಇದರ ಹಿಂದೆ ಕೆಟ್ಟ ಉದ್ದೇಶವೇ ಇರಬೇಕೆಂದಿಲ್ಲ. ಗ್ರಾಹಕರಿಗೆ ತೊಂದರೆ ಬೇಡವೆಂದೇ ಬಹಳ ಜನ ಹಾಗೆ ಮಾಡುತ್ತಾರೆ. ಆದರೆ ಆ ವ್ಯಕ್ತಿ ಬೆಂಗಳೂರಿಗೆ ಹೋಗಿ ನೆಲೆಸಿದ ಮೇಲೆ, ಅಥವಾ ಫೋನ್ ನಂಬರ್ ಬದಲಿಸಿದ ಮೇಲೆ, ವರ್ಷದ ನವೀಕರಣದ ಸೂಚನೆ ಯಾರಿಗೂ ತಲುಪದೆ ಹೆಸರು ಕೈಬಿಟ್ಟುಹೋಗುತ್ತದೆ, ಅದರೊಂದಿಗೆ ಎಲ್ಲ ಇಮೇಲುಗಳೂ ನಿಲ್ಲುತ್ತವೆ. ಆದ್ದರಿಂದ ನೋಂದಣಿದಾರರ ತಾಣದಲ್ಲಿ ಉದ್ದಿಮೆಯ ಹೆಸರಿನಲ್ಲೇ ಖಾತೆ ತೆರೆಯಿರಿ. ಮಾಲೀಕರ ಫೋನ್ ನಂಬರನ್ನೂ, ಈ ಡೊಮೇನಿಗೆ ಸೇರದ ಬೇರೊಂದು ಇಮೇಲ್ ವಿಳಾಸವನ್ನೂ ಅದಕ್ಕೆ ಕೊಡಿ. ಬೇರೆ ವಿಳಾಸ ಏಕೆಂದರೆ, ಡೊಮೇನೇ ನಿಂತಾಗ ಅದೇ ಡೊಮೇನಿನ ವಿಳಾಸಕ್ಕೆ ಬರುವ ಎಚ್ಚರಿಕೆ ನಿಮಗೆ ಕಾಣುವುದಿಲ್ಲ. ಸಾಧ್ಯವಾದರೆ ಒಮ್ಮೆಲೇ ಮೂರು ಅಥವಾ ಐದು ವರ್ಷಕ್ಕೆ ಹಣ ಕಟ್ಟಿಬಿಡಿ.

ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಹೆಸರನ್ನು ಪಡೆಯಲು ಈಗ ಅವಕಾಶವಿದೆ. ಕನ್ನಡದ ಮೇಲಿನ ಪ್ರೀತಿಯಿಂದ ಅದನ್ನು ಕೊಳ್ಳುವುದು ಒಳ್ಳೆಯದೇ. ಆದರೆ ಇತರ ಲಿಪಿಯ ಇಮೇಲ್ ವಿಳಾಸಗಳನ್ನು ಸ್ವೀಕರಿಸದ ಸರ್ವರುಗಳೂ ಅರ್ಜಿ ನಮೂನೆಗಳೂ ಇನ್ನೂ ಸಾಕಷ್ಟಿವೆ. ಆದ್ದರಿಂದ ವ್ಯವಹಾರದ ಮುಖ್ಯ ವಿಳಾಸ ಸದ್ಯಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿರಲಿ.

ಹಂತ 3: ಮೇಲ್‌ಬಾಕ್ಸುಗಳ ಲೆಕ್ಕ ಹಾಕಿ

ಬಹುತೇಕ ಸೇವೆಗಳು ಮೇಲ್‌ಬಾಕ್ಸಿನ ಸಂಖ್ಯೆಗೆ ತಕ್ಕಂತೆ ಹಣ ತೆಗೆದುಕೊಳ್ಳುತ್ತವೆ, ಆದ್ದರಿಂದ ಈ ಲೆಕ್ಕ ತಪ್ಪಿದರೆ ಪ್ರತಿ ತಿಂಗಳೂ ನಷ್ಟ. ವಿಚಾರಣೆಗೆ, ಮಾರಾಟಕ್ಕೆ, ಲೆಕ್ಕಪತ್ರಕ್ಕೆ, ಬುಕಿಂಗಿಗೆ ಬೇರೆ ಬೇರೆ ವಿಳಾಸ ಬೇಕೆಂದ ಮಾತ್ರಕ್ಕೆ ಅಷ್ಟೂ ಮೇಲ್‌ಬಾಕ್ಸುಗಳನ್ನು ಕೊಳ್ಳಬೇಕಾಗಿಲ್ಲ. ಒಬ್ಬರೇ ನೋಡಿಕೊಳ್ಳುವ ವಿಳಾಸಗಳನ್ನು ಅವರ ಮೇಲ್‌ಬಾಕ್ಸಿಗೆ ಉಪನಾಮಗಳಾಗಿ (ಅಲಿಯಾಸ್, ಅಂದರೆ ಅದೇ ಮೇಲ್‌ಬಾಕ್ಸಿನ ಇನ್ನೊಂದು ವಿಳಾಸ) ಜೋಡಿಸಬಹುದು. ಗೂಗಲ್ ವರ್ಕ್‌ಸ್ಪೇಸಿನಲ್ಲಿ ಒಬ್ಬ ಬಳಕೆದಾರರಿಗೆ 30 ಉಪನಾಮಗಳವರೆಗೆ ಹೆಚ್ಚುವರಿ ಶುಲ್ಕವಿಲ್ಲ. ಹಲವರು ಸೇರಿ ನೋಡುವ ಬುಕಿಂಗ್ ವಿಳಾಸಕ್ಕೆ ಮೈಕ್ರೋಸಾಫ್ಟಿನಲ್ಲಿ ಹಂಚಿಕೆಯ ಮೇಲ್‌ಬಾಕ್ಸ್ ಎಂಬ ಸೌಲಭ್ಯವಿದ್ದು, 50 ಜಿಬಿವರೆಗೆ ಅದಕ್ಕೆ ಬೇರೆ ಪರವಾನಗಿ ಬೇಡ. ನಿಜವಾಗಿ ಪತ್ರ ಬರೆಯುವ ಮನುಷ್ಯರು ಎಷ್ಟು ಜನ ಎಂದು ಎಣಿಸಿ, ಅಷ್ಟೇ ಮೇಲ್‌ಬಾಕ್ಸ್ ಕೊಳ್ಳಿ. ಒಂದೇ ಪಾಸ್‌ವರ್ಡನ್ನು ಮೂವರು ಹಂಚಿಕೊಳ್ಳುವ ಉಳಿತಾಯ ಮಾತ್ರ ಬೇಡ; ಯಾರು ಯಾವ ಪತ್ರ ಕಳಿಸಿದರೆಂಬುದು ಮುಂದೆ ತಿಳಿಯದೇ ಹೋಗುತ್ತದೆ.

ಹಂತ 4: ಸೇವೆಗಳನ್ನು ಹೋಲಿಸಿ ನೋಡಿ

ಎಲ್ಲಕ್ಕಿಂತ ಮೊದಲು, ಎರಡು ದಾರಿಗಳನ್ನು ಪಕ್ಕಕ್ಕಿಡಿ ಎಂದು ನಾನು ಹೇಳುತ್ತೇನೆ. ಕಚೇರಿಯಲ್ಲೇ ಒಂದು ಕಂಪ್ಯೂಟರನ್ನು ಮೇಲ್ ಸರ್ವರ್ ಮಾಡಿಕೊಳ್ಳುವುದು ಒಂದು ದಾರಿ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ಘಟ್ಟದ ಊರುಗಳಲ್ಲಿ ಸರ್ವರನ್ನು ಸದಾ ಚಾಲೂ ಇಡುವುದೇ ಕಷ್ಟ. ಅದಲ್ಲದೆ ಮನೆ ಬಳಕೆಯ ಬ್ರಾಡ್‌ಬ್ಯಾಂಡಿನಲ್ಲಿ ಐಪಿ ವಿಳಾಸ (ಅಂತರ್ಜಾಲದಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಸಾಮಾನ್ಯವಾಗಿ ಸ್ಥಿರವಾಗಿರುವುದಿಲ್ಲ, ಅಂಥ ಐಪಿಯಿಂದ ಬಂದ ಪತ್ರವನ್ನು ದೊಡ್ಡ ಸೇವೆಗಳು ನೇರವಾಗಿ ತಿರಸ್ಕರಿಸುತ್ತವೆ. ಎರಡನೆಯ ದಾರಿ ವೆಬ್‌ಸೈಟ್ ಹೋಸ್ಟಿಂಗಿನ ಜೊತೆ ಉಚಿತವಾಗಿ ಸಿಗುವ ಇಮೇಲು. ಅದರಲ್ಲಿ ನೂರಾರು ತಾಣಗಳು ಒಂದೇ ಐಪಿ ವಿಳಾಸದಿಂದ ಪತ್ರ ಕಳಿಸುತ್ತವೆ. ಅವುಗಳಲ್ಲಿ ಒಂದು ಸ್ಪ್ಯಾಮ್ ಕಳಿಸಿ ಕಪ್ಪುಪಟ್ಟಿಗೆ ಸೇರಿದರೆ, ತಪ್ಪಿಲ್ಲದ ನಿಮ್ಮ ಬಿಲ್ಲುಗಳೂ ಗ್ರಾಹಕರ ಸ್ಪ್ಯಾಮ್ ಕಡತಕ್ಕೆ ಬೀಳುತ್ತವೆ. ವ್ಯವಹಾರದ ಇಮೇಲಿಗೆ ತಲುಪುವುದೇ ಮೊದಲ ಗುಣ. ಉಚಿತವೆಂಬ ಕಾರಣಕ್ಕೆ ಅದನ್ನು ಬಿಟ್ಟುಕೊಡುವುದು ಸರಿಯಲ್ಲ.

ಉಳಿದವುಗಳ ನಡುವೆ ಆಯ್ಕೆ ಮಾಡುವಾಗ ನಿಮ್ಮ ಕೆಲಸ ಈಗಾಗಲೇ ಯಾವ ಸಾಧನದಲ್ಲಿ ನಡೆಯುತ್ತಿದೆ ನೋಡಿ. ಎಕ್ಸೆಲ್ ಮತ್ತು ಔಟ್‌ಲುಕ್ ಇಲ್ಲದೆ ದಿನ ಸಾಗದ ಕಚೇರಿಗೆ ಮೈಕ್ರೋಸಾಫ್ಟ್ 365 ಹೊಂದುತ್ತದೆ. ಎಲ್ಲರೂ ಫೋನಿನಲ್ಲೇ ಕೆಲಸ ಮಾಡುವ, ಜಿಮೇಲಿಗೆ ಕೈ ಪಳಗಿದ ತಂಡಕ್ಕೆ ಗೂಗಲ್ ವರ್ಕ್‌ಸ್ಪೇಸ್ ಕಲಿಯಲು ಸಮಯವೇ ಬೇಡ. ಅದರ ಆರಂಭಿಕ ಯೋಜನೆಯಲ್ಲಿ ತಲಾ 30 ಜಿಬಿ ಜಾಗ ಸಿಗುತ್ತದೆ. ಚೆನ್ನೈ ಮೂಲದ ಜೋಹೋ ಬೆಲೆಯಲ್ಲಿ ಹಗುರ. ಭಾರತದೊಳಗೇ ದತ್ತಾಂಶ ಕೇಂದ್ರಗಳನ್ನೂ ಹೊಂದಿದೆ. ಇಮೇಲ್ ಒಂದೇ ಸಾಕು, ಉಳಿದ ಸಲಕರಣೆ ಬೇಡ ಎನ್ನುವ ನಾಲ್ಕೈದು ಜನರ ಉದ್ದಿಮೆಗೆ ನಾನು ಮೊದಲು ಅದನ್ನೇ ನೋಡಲು ಹೇಳುತ್ತೇನೆ. ಗೋಪ್ಯತೆಯೇ ಮುಖ್ಯವಾದ ವಕೀಲರಿಗೆ, ವೈದ್ಯರಿಗೆ ಸ್ವಿಟ್ಜರ್ಲೆಂಡಿನ ಪ್ರೋಟಾನ್ ಪರಿಶೀಲನೆಗೆ ಅರ್ಹ.

ಐಮ್ಯಾಪ್ ಸೌಲಭ್ಯ ಇದೆಯೇ ಎಂದು ಖಚಿತಪಡಿಸಿಕೊಳ್ಳದೆ ಯಾವ ಯೋಜನೆಯನ್ನೂ ಒಪ್ಪಬೇಡಿ. ಹಳೆಯ ಪಾಪ್ ವಿಧಾನದಲ್ಲಿ ಪತ್ರಗಳು ಒಂದು ಕಂಪ್ಯೂಟರಿಗೆ ಇಳಿದು ಸರ್ವರಿನಿಂದ ಅಳಿಸಿಹೋಗುವಂತೆ ಎಷ್ಟೋ ಅಂಗಡಿಗಳಲ್ಲಿ ಇನ್ನೂ ಹೊಂದಿಸಿಟ್ಟಿದ್ದಾರೆ. ಮಳೆಗಾಲದ ಮುಂಚಿನ ಗುಡುಗು ಸಿಡಿಲಿಗೆ ಆ ಒಂದು ಕಂಪ್ಯೂಟರು ಸುಟ್ಟರೆ ವರ್ಷಗಳ ಪತ್ರವ್ಯವಹಾರ ಅದರೊಂದಿಗೇ ಹೋಗುತ್ತದೆ. ಐಮ್ಯಾಪ್‌ನಲ್ಲಿ ಪತ್ರ ಸರ್ವರಿನಲ್ಲೇ ಉಳಿದು, ಫೋನಿನಲ್ಲೂ ಕಂಪ್ಯೂಟರಿನಲ್ಲೂ ಒಂದೇ ರೀತಿ ಕಾಣುತ್ತದೆ. ಉಚಿತ ಯೋಜನೆಗಳಲ್ಲಿ ಕೆಲವು ಐಮ್ಯಾಪ್ ಕೊಡದೆ ಕೇವಲ ಬ್ರೌಸರಿನಲ್ಲೋ ತಮ್ಮದೇ ಆ್ಯಪಿನಲ್ಲೋ ನೋಡಲು ಬಿಡುತ್ತವೆ. ಐಮ್ಯಾಪ್ ಇಲ್ಲದಿದ್ದರೆ ನಾಳೆ ಸೇವೆ ಬಿಡುವಾಗ ಪತ್ರಗಳನ್ನು ಹೊರತೆಗೆಯುವುದೂ ಕಷ್ಟ.

ಹಳೆಯ ಪತ್ರಗಳನ್ನು ಎಷ್ಟು ಕಾಲ ಇಡಬೇಕೆಂಬುದಕ್ಕೆ ಕಾನೂನಿನ ಮಗ್ಗುಲೂ ಇದೆ. ಜಿಎಸ್‌ಟಿ ಕಾಯ್ದೆಯಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಕಂಪನಿಯಾಗಿ ನೋಂದಾಯಿತವಾಗಿದ್ದರೆ ಲೆಕ್ಕದ ಪುಸ್ತಕಗಳಿಗೆ 8 ವರ್ಷ. ಬಿಲ್ಲು, ಖರೀದಿ ಆದೇಶಗಳು ಇಮೇಲಿನಲ್ಲೇ ಇರುವ ಉದ್ದಿಮೆಗೆ ಅಷ್ಟು ವರ್ಷ ತುಂಬುವಷ್ಟು ಜಾಗ ಬೇಕು. ಅದಲ್ಲದೆ ನೌಕರರು ಅಳಿಸಿದ ಪತ್ರವೂ ಉಳಿಯುವಂತೆ ಮಾಡುವ ಸಂಗ್ರಹ ಸೌಲಭ್ಯ ಯಾವ ಯೋಜನೆಯಲ್ಲಿದೆ ಎಂದು ಕೇಳಿ. ಅಗ್ಗದ ಯೋಜನೆಗಳಲ್ಲಿ ಇದು ಹೆಚ್ಚಾಗಿ ಇರುವುದಿಲ್ಲ.

ದತ್ತಾಂಶ ಭಾರತದಲ್ಲೇ ಇರಬೇಕೇ ಎಂಬ ಪ್ರಶ್ನೆಯೂ ಬರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಎಲ್ಲ ಮಾಹಿತಿಯನ್ನೂ ದೇಶದೊಳಗೇ ಇಡಬೇಕೆಂದು ಹೇಳುವುದಿಲ್ಲ. ಸರ್ಕಾರ ನಿರ್ಬಂಧಿಸಿದ ದೇಶಗಳಿಗೆ ಕಳಿಸಬಾರದೆಂದಷ್ಟೇ ಹೇಳುತ್ತದೆ. ಆದರೆ ಕಾರವಾರದ ನೌಕಾನೆಲೆಗೋ ಕೈಗಾದ ಅಣುಸ್ಥಾವರಕ್ಕೋ ಸಾಮಗ್ರಿ ಪೂರೈಸುವ ಗುತ್ತಿಗೆದಾರರು ತಮ್ಮ ಕರಾರಿನಲ್ಲಿ ಇಂಥ ಷರತ್ತು ಇದೆಯೇ ಎಂದು ಓದಿ ನೋಡಿಯೇ ಮುಂದುವರಿಯಬೇಕು.

ಕನ್ನಡದಲ್ಲಿ ಪತ್ರ ಬರೆಯುವವರು ಕನ್ನಡ ಹುಡುಕಾಟವನ್ನು ಪರೀಕ್ಷಿಸಲೇಬೇಕು. ಅಡಿಕೆಯ ಬಗೆಗಳಾದ ‘ಚಾಲಿ’, ‘ಬೆಟ್ಟೆ’ ಎಂಬ ಪದಗಳಿರುವ ಪತ್ರಗಳನ್ನು ಕಳಿಸಿ, ಆಮೇಲೆ ಹುಡುಕು ಪಟ್ಟಿಯಲ್ಲಿ ಅವನ್ನೇ ಬರೆದು ನೋಡಿ. ಹಳೆಯ ನುಡಿ ಅಥವಾ ಬರಹ ತಂತ್ರಾಂಶದ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬರೆದ ಪತ್ರ ಯಾವ ಸೇವೆಯಲ್ಲೂ ಅರ್ಥವಿಲ್ಲದ ಚಿಹ್ನೆಗಳಾಗಿಯೇ ಕಾಣುತ್ತದೆ. ಅದಕ್ಕೆ ಸೇವೆಯನ್ನು ದೂರುವಂತಿಲ್ಲ, ಬರೆಯುವುದನ್ನೇ ಯೂನಿಕೋಡಿಗೆ ಬದಲಿಸಿಕೊಳ್ಳಬೇಕು.

ಹಂತ 5: ಭದ್ರತೆಯನ್ನು ನಮ್ಮ ಊರಿನ ಸ್ಥಿತಿಗೆ ಹೊಂದಿಸಿ

ಎರಡು ಹಂತದ ದೃಢೀಕರಣ ಇಲ್ಲದ ಸೇವೆಯನ್ನು ಪರಿಗಣಿಸಲೇಬೇಡಿ. ಆದರೆ ಎರಡನೆಯ ಹಂತ ಎಸ್‌ಎಂಎಸ್ ಒಟಿಪಿಯಾಗಿದ್ದರೆ ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆಯ ಹಳ್ಳಿಗಳಲ್ಲಿ ಮೊಬೈಲ್ ಸಿಗ್ನಲ್ ಸಿಗದ ಹೊತ್ತಿನಲ್ಲಿ ನಿಮ್ಮ ಖಾತೆಗೆ ನೀವೇ ಹೋಗಲಾಗುವುದಿಲ್ಲ. ಅಥೆಂಟಿಕೇಟರ್ ಆ್ಯಪ್ ಕೊಡುವ ಆರು ಅಂಕಿಯ ಸಂಖ್ಯೆಗೆ ಸಿಗ್ನಲ್ ಬೇಡ. ಫೋನಿನ ಗಡಿಯಾರ ಸರಿಯಿದ್ದರೆ ಸಾಕು. ಹಾಗಾಗಿ ಈ ಸೌಲಭ್ಯವಿರುವ ಸೇವೆಯನ್ನೇ ಆರಿಸಿ, ಜೊತೆಗೆ ಕೊಡುವ ತುರ್ತು ಸಂಖ್ಯೆಗಳನ್ನು (ಫೋನ್ ಕೈಯಲ್ಲಿಲ್ಲದಾಗ ಖಾತೆ ತೆರೆಯುವ ಬ್ಯಾಕಪ್ ಕೋಡ್‌ಗಳನ್ನು) ಕಾಗದದ ಮೇಲೆ ಮುದ್ರಿಸಿ ತಿಜೋರಿಯಲ್ಲಿಡಿ. ಆಡಳಿತಾಧಿಕಾರದ ಖಾತೆ ಕನಿಷ್ಠ ಇಬ್ಬರ ಕೈಯಲ್ಲಿರಲಿ, ಇಬ್ಬರದೂ ಬೇರೆ ಬೇರೆ ಪಾಸ್‌ವರ್ಡ್ ಇರಲಿ.

ಇಮೇಲ್ ವಂಚನೆಗಳಲ್ಲಿ ವ್ಯಾಪಾರಿಗಳಿಗೆ ಅತಿ ದೊಡ್ಡ ಹೊಡೆತ ಕೊಡುವುದು ಬ್ಯಾಂಕ್ ಖಾತೆ ಬದಲಿಸುವ ಮೋಸ. ವಂಚಕರು ಮಾರಾಟಗಾರರ ಮೇಲ್‌ಬಾಕ್ಸಿಗೆ ನುಗ್ಗಿ, ಅಥವಾ ಒಂದಕ್ಷರ ಬದಲಿಸಿದ ಡೊಮೇನಿನಿಂದ, ‘ನಮ್ಮ ಖಾತೆ ಸಂಖ್ಯೆ ಬದಲಾಗಿದೆ, ಈ ಬಾರಿಯ ಹಣವನ್ನು ಇಲ್ಲಿಗೆ ಕಳಿಸಿ’ ಎಂದು ಖರೀದಿದಾರರಿಗೆ ಬರೆಯುತ್ತಾರೆ. ಯಾವ ಸೇವೆಯೂ ಇದನ್ನು ಪೂರ್ತಿ ತಡೆಯಲಾರದು. ಖಾತೆ ಸಂಖ್ಯೆ ಬದಲಾದ ಪತ್ರ ಬಂದಾಗ ಮೊದಲಿನಿಂದ ಗೊತ್ತಿರುವ ಫೋನ್ ನಂಬರಿಗೆ ಕರೆ ಮಾಡಿ ಕೇಳಿಯೇ ಹಣ ಕಳಿಸಬೇಕೆಂಬ ನಿಯಮ ಮಾಡಿಕೊಳ್ಳಿ. ಹಣ ಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ; ತಡವಾದಷ್ಟೂ ಹಣವನ್ನು ತಡೆಹಿಡಿಯುವುದು ಕಷ್ಟವಾಗುತ್ತದೆ.

ಕೆಲಸ ಬಿಟ್ಟವರ ಖಾತೆಯನ್ನು ಅವಸರದಲ್ಲಿ ಅಳಿಸಬಾರದು. ಮೊದಲು ಪಾಸ್‌ವರ್ಡ್ ಬದಲಿಸಿ, ಪತ್ರಗಳನ್ನು ಬೇರೆಯವರಿಗೆ ವರ್ಗಾಯಿಸಿ. ಅಳಿಸಿದ ಬಳಕೆದಾರರನ್ನು ಮರಳಿ ತರಲು ಗೂಗಲ್‌ನಲ್ಲಿ 20 ದಿನ, ಮೈಕ್ರೋಸಾಫ್ಟಿನಲ್ಲಿ 30 ದಿನ ಮಾತ್ರ ಅವಕಾಶ.

ಹಂತ 6: ಪೂರ್ತಿ ಖರ್ಚು ಲೆಕ್ಕ ಹಾಕಿ

ಜಾಹೀರಾತಿನಲ್ಲಿ ಕಾಣುವುದು ಸಾಮಾನ್ಯವಾಗಿ ವರ್ಷದ ಕರಾರಿಗೆ ಒಪ್ಪಿದವರ ತಿಂಗಳ ದರ, ಅದೂ ತೆರಿಗೆ ಬಿಟ್ಟು. ಒಂದು ಮೇಲ್‌ಬಾಕ್ಸಿಗೆ ತಿಂಗಳಿಗೆ 150 ರೂಪಾಯಿ ಎಂದಿಟ್ಟುಕೊಂಡರೆ ಐದಕ್ಕೆ ವರ್ಷಕ್ಕೆ 9,000; ಶೇ. 18 ಜಿಎಸ್‌ಟಿ 1,620 ಸೇರಿ 10,620 ರೂಪಾಯಿ. ನೋಂದಣಿ ಮಾಡಿಸುವಾಗಲೇ ನಿಮ್ಮ ಜಿಎಸ್‌ಟಿ ಸಂಖ್ಯೆ ಕೊಟ್ಟರೆ ಆ ತೆರಿಗೆಯನ್ನು ಹೂಡುವಳಿ ತೆರಿಗೆಯಾಗಿ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ವಜಾ ಮಾಡಿಕೊಳ್ಳಬಹುದು. ಜಿಎಸ್‌ಟಿಯ ರಾಜಿ ಯೋಜನೆಯಲ್ಲಿರುವ (ಕಾಂಪೊಸಿಷನ್ ಸ್ಕೀಮ್) ವ್ಯಾಪಾರಿಗಳಿಗೆ ಈ ಅನುಕೂಲವಿಲ್ಲ. ಮೊದಲ ವರ್ಷದ ರಿಯಾಯಿತಿ ಮುಗಿದ ಮೇಲಿನ ದರವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆಯಲ್ಲಿ 15,000 ರೂಪಾಯಿ ಮೀರಿದ ಪಾವತಿಗೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಪ್ರತಿ ಸಲ ಹೆಚ್ಚುವರಿ ದೃಢೀಕರಣ ಬೇಕು. ದೊಡ್ಡ ತಂಡದ ವಾರ್ಷಿಕ ನವೀಕರಣ ಈ ಕಾರಣಕ್ಕೆ ತಪ್ಪಿಹೋಗಬಹುದು, ದಿನಾಂಕವನ್ನು ಬರೆದಿಟ್ಟುಕೊಳ್ಳಿ.

ಸ್ಥಳೀಯ ಮರುಮಾರಾಟಗಾರರ ಮೂಲಕ ಕೊಳ್ಳುವುದರಲ್ಲಿ ಒಳ್ಳೆಯದೂ ಇದೆ: ತೊಂದರೆ ಬಂದಾಗ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ. ಆದರೆ ಹಣ ಕಟ್ಟುವ ಮೊದಲೇ, ಸರ್ವೋಚ್ಚ ಆಡಳಿತಾಧಿಕಾರದ ಖಾತೆ ನಿಮ್ಮ ಕೈಯಲ್ಲೇ ಇರಬೇಕೆಂದು ಕರಾರು ಮಾಡಿಕೊಳ್ಳಿ.

ಹಂತ 7: ಪ್ರಯೋಗದ ಅವಧಿಯನ್ನು ಬಳಸಿಕೊಳ್ಳಿ

ದೊಡ್ಡ ಸೇವೆಗಳೆಲ್ಲ ಪ್ರಯೋಗಕ್ಕೆ ಕೆಲವು ದಿನ ಕೊಡುತ್ತವೆ. ಒಂದೆರಡು ಮೇಲ್‌ಬಾಕ್ಸಿನಿಂದ ನಿಮ್ಮ ಮುಖ್ಯ ಗ್ರಾಹಕರಿಗೆ, ಬ್ಯಾಂಕಿಗೆ, ಲೆಕ್ಕಪರಿಶೋಧಕರಿಗೆ ಪತ್ರ ಕಳಿಸಿ, ಇನ್‌ಬಾಕ್ಸಿಗೆ ಬಂತೋ ಸ್ಪ್ಯಾಮಿಗೆ ಹೋಯಿತೋ ಎಂದು ಫೋನ್ ಮಾಡಿ ಕೇಳಿ. ಸಿಗ್ನಲ್ ಕಡಿಮೆಯಿರುವ ಜಾಗದಲ್ಲಿ ಆ್ಯಪ್ ತೆರೆದು ಹಳೆಯ ಪತ್ರ ಓದಲು ಬರುತ್ತದೆಯೇ ನೋಡಿ. ಸಹಾಯವಾಣಿಗೆ ಒಂದು ಪ್ರಶ್ನೆ ಕಳಿಸಿ ಉತ್ತರ ಯಾವಾಗ ಬರುತ್ತದೆಂದು ಗಮನಿಸಿ. ಟ್ಯಾಲಿಯಿಂದ ನೇರವಾಗಿ ಬಿಲ್ಲು ಕಳಿಸುವವರು ಅದನ್ನೂ ಈಗಲೇ ಪರೀಕ್ಷಿಸಬೇಕು; ಕೆಲವು ಸೇವೆಗಳಲ್ಲಿ ಅದಕ್ಕೆ ಸಾಮಾನ್ಯ ಪಾಸ್‌ವರ್ಡ್ ನಡೆಯುವುದಿಲ್ಲ, ಆ್ಯಪ್ ಪಾಸ್‌ವರ್ಡ್ ಎಂಬ ಬೇರೆಯದನ್ನು ಸೃಷ್ಟಿಸಿಕೊಳ್ಳಬೇಕಾಗುತ್ತದೆ.

ಹಂತ 8: ಹಳೆಯದರಿಂದ ಹೊಸದಕ್ಕೆ ಸಾಗಿಸಿ

ಅಡಿಕೆಯ ಕೊನೆಕೊಯ್ಲು ಮುಗಿದು ವಹಿವಾಟು ಜೋರಾಗಿರುವಾಗ ವಖಾರಿಯವರು, ಡಿಸೆಂಬರಿನ ರಜೆಯಲ್ಲಿ ಹೋಮ್‌ಸ್ಟೇಯವರು ಈ ಕೆಲಸಕ್ಕೆ ಕೈಹಾಕಬಾರದು. ಬಿಡುವಿನ ವಾರ ನೋಡಿ, ಶನಿವಾರ ಸಂಜೆ ಶುರುಮಾಡಿ.

ಮೊದಲು ಹೊಸ ಸೇವೆಯಲ್ಲಿ ಎಲ್ಲ ಮೇಲ್‌ಬಾಕ್ಸು, ಉಪನಾಮಗಳನ್ನು ಸೃಷ್ಟಿಸಿ. ನೋಂದಣಿದಾರರ ತಾಣದಲ್ಲಿ ಡೊಮೇನಿನ ಹೊಂದಾಣಿಕೆಗಳಿರುವ ಡಿಎನ್‌ಎಸ್ ಪುಟದಲ್ಲಿ ಎಂಎಕ್ಸ್ ದಾಖಲೆಯ (ಪತ್ರಗಳು ಯಾವ ಸರ್ವರಿಗೆ ಹೋಗಬೇಕೆಂದು ಹೇಳುವುದು) ಟಿಟಿಎಲ್ ಅವಧಿಯನ್ನು (ಬೇರೆ ಸರ್ವರುಗಳು ಹಳೆಯ ದಾಖಲೆಯನ್ನು ನೆನಪಿಟ್ಟುಕೊಳ್ಳುವ ಕಾಲ) ಎರಡು ದಿನ ಮುಂಚೆಯೇ 300 ಸೆಕೆಂಡಿಗೆ ಇಳಿಸಿದರೆ ಬದಲಾವಣೆ ಬೇಗ ಹರಡುತ್ತದೆ. ಆಮೇಲೆ ಎಂಎಕ್ಸ್ ದಾಖಲೆಯನ್ನು ಹೊಸ ಸೇವೆ ಕೊಟ್ಟಂತೆ ಬದಲಿಸಿ, ಹಳೆಯದನ್ನು ತೆಗೆದುಹಾಕಿ. ಎರಡನ್ನೂ ಇಟ್ಟರೆ ಕೆಲವು ಪತ್ರ ಅಲ್ಲಿಗೆ, ಕೆಲವು ಇಲ್ಲಿಗೆ ಹೋಗುತ್ತವೆ. ಹಳೆಯ ಪತ್ರಗಳನ್ನು ಐಮ್ಯಾಪ್ ಮೂಲಕ ಆಮದು ಮಾಡಿಕೊಳ್ಳುವ ಸಾಧನ ಎಲ್ಲ ಮುಖ್ಯ ಸೇವೆಗಳಲ್ಲೂ ಇದೆ. ಹಳೆಯ ಖಾತೆಯನ್ನು ಒಂದು ತಿಂಗಳಾದರೂ ಮುಚ್ಚಬೇಡಿ.

ಇನ್ನು ಅದೇ ಡಿಎನ್‌ಎಸ್ ಪುಟದಲ್ಲಿ ಹಾಕಬೇಕಾದ ಮೂರು ದಾಖಲೆಗಳು. ಎಸ್‌ಪಿಎಫ್ ನಿಮ್ಮ ಡೊಮೇನಿನ ಪರವಾಗಿ ಪತ್ರ ಕಳಿಸಲು ಯಾವ ಸರ್ವರುಗಳಿಗೆ ಅಧಿಕಾರವಿದೆಯೆಂದು ಸಾರುತ್ತದೆ. ಡಿಕಿಮ್ ಪ್ರತಿ ಪತ್ರಕ್ಕೂ ಡಿಜಿಟಲ್ ಸಹಿ ಹಾಕಿ, ದಾರಿಯಲ್ಲಿ ಅದು ಬದಲಾಗಿಲ್ಲವೆಂದು ತೋರಿಸುತ್ತದೆ. ಇವೆರಡೂ ವಿಫಲವಾದ ಪತ್ರವನ್ನು ಏನು ಮಾಡಬೇಕೆಂದು ಸ್ವೀಕರಿಸುವವರಿಗೆ ತಿಳಿಸುವುದು ಡಿಮಾರ್ಕ್. ಒಂದು ಡೊಮೇನಿಗೆ ಒಂದೇ ಎಸ್‌ಪಿಎಫ್ ದಾಖಲೆ ಇರಬೇಕು. ಹಳೆಯದನ್ನು ತೆಗೆಯದೆ ಹೊಸದನ್ನು ಸೇರಿಸಿದರೆ ಎರಡೂ ಅಸಿಂಧು. ವೆಬ್‌ಸೈಟಿನ ವಿಚಾರಣಾ ನಮೂನೆ, ಬಿಲ್ಲಿಂಗ್ ತಂತ್ರಾಂಶ ಬೇರೆ ಸರ್ವರಿನಿಂದ ಪತ್ರ ಕಳಿಸುತ್ತಿದ್ದರೆ ಅವುಗಳನ್ನೂ ಅದೇ ದಾಖಲೆಯೊಳಗೆ ಸೇರಿಸಿ. ಡಿಮಾರ್ಕನ್ನು ಮೊದಲು ಕೇವಲ ಗಮನಿಸುವ ಸ್ಥಿತಿಯಲ್ಲಿಟ್ಟು, ಕೆಲವು ವಾರ ವರದಿ ನೋಡಿ, ನಿಮ್ಮ ನಿಜವಾದ ಪತ್ರಗಳೆಲ್ಲ ಪಾಸಾಗುತ್ತಿವೆಯೆಂದು ಖಾತ್ರಿಯಾದ ಮೇಲೆ ಸ್ಪ್ಯಾಮಿಗೆ ತಳ್ಳುವ, ಕೊನೆಗೆ ತಿರಸ್ಕರಿಸುವ ಸ್ಥಿತಿಗೆ ಬಿಗಿಗೊಳಿಸಿ. ನಿಮ್ಮದೇ ಡೊಮೇನಿನ ಹೆಸರು ಹಾಕಿ ನಕಲಿ ಪತ್ರ ಬರೆಯುವವರನ್ನು ತಡೆಯುವುದು ಈ ಕೊನೆಯ ಬಿಗಿಯೇ.

ಹಂತ 9: ಸಾಮೂಹಿಕ ಪತ್ರಗಳ ಸೇವೆಯನ್ನು ಪ್ರತ್ಯೇಕವಾಗಿ ಆರಿಸಿ

ಪಟ್ಟಿ ಚಿಕ್ಕದಾಗಿದ್ದರೆ ದಿನಕ್ಕೆ 300 ಪತ್ರಗಳವರೆಗೆ ಹಣ ಕೇಳದ ಬ್ರೆವೋದಂಥ ಸೇವೆ ಸಾಕು. ಅಮೆಜಾನ್ ಎಸ್‌ಇಎಸ್ ಸಾವಿರ ಪತ್ರಕ್ಕೆ 10 ಸೆಂಟಿನಷ್ಟು ಅಗ್ಗವಾದರೂ ತಾಂತ್ರಿಕ ಕೈ ಇಲ್ಲದೆ ನಡೆಸಲಾಗದು. ಯಾವುದನ್ನೇ ಆರಿಸಿದರೂ ಮುಖ್ಯ ಡೊಮೇನಿನ ಬದಲು ಅದರ ಉಪಡೊಮೇನಿನಿಂದ (ಅದೇ ಹೆಸರಿನ ಮುಂದೆ ಇನ್ನೊಂದು ಪದ ಮತ್ತು ಚುಕ್ಕೆ ಸೇರಿಸಿ ಮಾಡಿದ ಹೆಸರಿನಿಂದ) ಕಳಿಸಿ. ಪ್ರಚಾರ ಪತ್ರಗಳಿಗೆ ದೂರು ಬಂದರೂ ಬಿಲ್ಲುಗಳ ಮೇಲೆ ಬೀಳುವ ಪರಿಣಾಮ ಕಡಿಮೆಯಾಗುತ್ತದೆ. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ಸಾಮೂಹಿಕ ಕಳಿಸುವಿಕೆಗೆ ನಿಯಮ ಬಿಗಿ ಮಾಡಿವೆ: ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರಗಳನ್ನು ಜಿಮೇಲ್ ಖಾತೆಗಳಿಗೆ ಕಳಿಸುವವರಿಗೆ ಮೇಲಿನ ಮೂರೂ ದಾಖಲೆಗಳು, ಒಂದೇ ಒತ್ತಿಗೆ ಪಟ್ಟಿಯಿಂದ ಹೊರಬರುವ ಸೌಲಭ್ಯ ಕಡ್ಡಾಯ, ಸ್ಪ್ಯಾಮ್ ದೂರು ಶೇ. 0.3ಕ್ಕೆ ಮುಟ್ಟಬಾರದು.

ಹಣ ಕೊಟ್ಟು ವಿಳಾಸಗಳ ಪಟ್ಟಿ ಕೊಳ್ಳುವವರಿದ್ದಾರೆ. ದಯವಿಟ್ಟು ಆ ದಾರಿಗೆ ಹೋಗಬೇಡಿ. ಅತಿಥಿಗಳು ತಂಗಲು ಬಂದಾಗ, ಗ್ರಾಹಕರು ಸರಕು ಕೊಂಡಾಗ, ಮುಂದೆ ಪತ್ರ ಕಳಿಸಬಹುದೇ ಎಂದು ಕೇಳಿ ಒಪ್ಪಿಗೆ ಪಡೆದು, ಯಾವ ದಿನ ಒಪ್ಪಿದರೆಂದು ಬರೆದಿಡಿ. 2023ರ ಕಾಯ್ದೆ ಬಯಸುವುದೂ ಇಂಥ ಸ್ಪಷ್ಟ ಒಪ್ಪಿಗೆಯನ್ನೇ. ಬೇಡವೆಂದವರನ್ನು ಅಂದೇ ಪಟ್ಟಿಯಿಂದ ತೆಗೆಯಿರಿ, ಪತ್ರ ತಲುಪದೆ ಮರಳಿ ಬಂದ ವಿಳಾಸಗಳನ್ನು ಪ್ರತಿ ಸಲವೂ ಅಳಿಸಿ, ವರ್ಷಗಟ್ಟಲೆ ಒಂದು ಪತ್ರವನ್ನೂ ತೆರೆಯದವರಿಗೆ ಕಳಿಸುವುದನ್ನು ನಿಲ್ಲಿಸಿ. ಇದನ್ನೆಲ್ಲ ತಾನಾಗಿ ಮಾಡಿಕೊಡುವ ಸೇವೆ ಸಿಕ್ಕರೆ ಅದಕ್ಕೆ ಸ್ವಲ್ಪ ಹೆಚ್ಚು ಹಣ ಕೊಡಬಹುದು.